ಹತ್ತು ನಿಮಿಷದ ಬೆಂಚು

ಶಾಲೆಯಲ್ಲಿ ಮಕ್ಕಳು ನನಗೆ ಇಟ್ಟಿರುವ ಹೆಸರು ಥರ್ಮಾಮೀಟರ್. ನನ್ನ ಎದುರಿಗೆ ಯಾರೂ ಹಾಗೆನ್ನುವುದಿಲ್ಲ. ಆದರೆ ಹತ್ತೊಂಬತ್ತು ವರ್ಷದಿಂದ ಒಂದೇ ಶಾಲೆಯ ಹಾಜರಿ ಗುಮಾಸ್ತೆಯಾಗಿ ಕೂತವಳ ಕಿವಿಗೆ ಅಷ್ಟೂ ಬೀಳದೆ ಇರುತ್ತದೆಯೇ? ನನಗೆ ಬೇಸರವೇನೂ ಆಗಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದ್ದೂ ಉಂಟು.

ನನ್ನ ಕೋಣೆ ಮೆಟ್ಟಿಲ ಕೆಳಗಿದೆ. ಒಂದು ಮೇಜು, ಒಂಬೈನೂರು ಮಕ್ಕಳ ಹಾಜರಿ ಪುಸ್ತಕಗಳನ್ನಿಟ್ಟ ಕಬ್ಬಿಣದ ಬೀರು, ವರಾಂಡದ ಕಡೆಗೆ ಒಂದು ಚಿಕ್ಕ ಕಿಟಕಿ, ಕಿಟಕಿಯ ಆಚೆ ಒಂದು ಮರದ ಬೆಂಚು. ಹೊಟ್ಟೆನೋವು, ತಲೆನೋವು ಎಂದು ನಡುವೆ ಮನೆಗೆ ಹೋಗಬೇಕೆನ್ನುವವರು ಆ ಕಿಟಕಿಗೆ ಬಂದು ಚೀಟಿ ಕೇಳಬೇಕು. ನನ್ನ ಸಹಿ ಇಲ್ಲದೆ ಗೇಟಿನವನು ಒಂದು ನೊಣವನ್ನೂ ಆಚೆ ಬಿಡುವುದಿಲ್ಲ. ಬಂದವರನ್ನು ನಾನು ಮೊದಲು ಬೆಂಚಿನ ಮೇಲೆ ಹತ್ತು ನಿಮಿಷ ಕೂರಿಸುತ್ತೇನೆ. ಮಾತಾಡಿಸುವುದಿಲ್ಲ. ಹತ್ತನೇ ನಿಮಿಷಕ್ಕೆ ಫೋನು ಎತ್ತಿಕೊಂಡು, "ಹೌದಾ, ಇವತ್ತು ಕೊನೇ ಪೀರಿಯಡ್ಡು ಎಲ್ರಿಗೂ ಆಟನಾ?" ಎಂದು ಗಟ್ಟಿಯಾಗಿ ಕೇಳುತ್ತೇನೆ. ಆ ಕಡೆ ಯಾರೂ ಇರುವುದಿಲ್ಲ. ಕಳ್ಳ ಹೊಟ್ಟೆನೋವಾದರೆ ಅಲ್ಲೇ ಗೊತ್ತಾಗಿಬಿಡುತ್ತದೆ. ಕಣ್ಣು ಅರಳುತ್ತದೆ, ಬಾಗಿದ ಬೆನ್ನು ನೆಟ್ಟಗಾಗುತ್ತದೆ. "ನಿನ್ನ ನೋವು ವಾಸಿ ಆಯ್ತು, ಕ್ಲಾಸಿಗೆ ಹೋಗಪ್ಪ" ಎಂದು ಕಳಿಸುತ್ತೇನೆ. ನಿಜವಾಗಿ ಕಾಯಿಲೆಯವರು ಆಟವೆಂದರೂ ತಲೆ ಎತ್ತುವುದಿಲ್ಲ.

ಇದಕ್ಕೆಂದೇ ನನ್ನದೊಂದು ಪುಸ್ತಕವಿತ್ತು. ಶಾಲೆಯವರು ಕೊಟ್ಟದ್ದಲ್ಲ, ನಾನೇ ಗೀಟು ಹಾಕಿಕೊಂಡದ್ದು. ದಿನಾಂಕ, ಕ್ಲಾಸು, ನಂಬರು, ಏನು ನೋವು, ಮತ್ತು ಕೊನೆಯ ಕಾಲಮ್ಮಿನಲ್ಲಿ ಒಂದೇ ಮಾತು: ನಿಜ, ಇಲ್ಲವೇ ನೆಪ. ಸಂತೋಷ ಕಂಡರೆ ಎದ್ದು ಓಡುವ ಮಗು ಕಾಯಿಲೆಯ ಮಗುವಲ್ಲ ಎನ್ನುವುದು ನನ್ನ ತೀರ್ಮಾನ. ಎಷ್ಟೋ ಮೇಷ್ಟ್ರುಗಳು ಇದನ್ನು ನನ್ನಿಂದ ಕಲಿತರು.

ಇನ್ನು ನನ್ನ ಮಗಳ ವಿಷಯ. ಮನೆಯಲ್ಲಿ ಅವಳು ಗಿರಗಿಟ್ಲೆ. ಬೇರೆ ಹೆಸರಿದೆ, ಅದು ಹಾಜರಿ ಪುಸ್ತಕಕ್ಕೆ ಮಾತ್ರ. ಕೂತಲ್ಲಿ ಕೂತ ಮಗುವೇ ಅಲ್ಲ ಅದು. ಹಲ್ಲುಜ್ಜುವಾಗಲೂ ಮನೆ ತುಂಬ ಸುತ್ತಿ, ನೆಲದ ಮೇಲೆಲ್ಲ ನೊರೆ ಚೆಲ್ಲಿ, ನನ್ನ ಕೈಲಿ ಬೈಸಿಕೊಳ್ಳದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಅವರಪ್ಪ ದೂರದ ಬಸ್ಸುಗಳ ಡ್ರೈವರು, ವಾರಕ್ಕೆರಡು ದಿನ ಮನೆಯಲ್ಲಿ. ಉಳಿದ ಐದು ದಿನ ನಾವಿಬ್ಬರೇ. ಅವಳು ಓದುತ್ತಿದ್ದುದು ನಮ್ಮ ಶಾಲೆಯಲ್ಲೇ, ಎಂಟನೇ ಕ್ಲಾಸು, ನಂಬರ್ ಇಪ್ಪತ್ಮೂರು. ಬೆಳಿಗ್ಗೆ ಒಟ್ಟಿಗೇ ನಡೆದು ಹೋಗುತ್ತಿದ್ದೆವು. ಗೇಟಿನವರೆಗೆ ನಾನು ಅಮ್ಮ, ಗೇಟಿನ ಒಳಗೆ ಮೇಡಂ. ಹಾಗೆಂದು ಕಟ್ಟಪ್ಪಣೆ ಮಾಡಿದವಳು ನಾನೇ. ಮಗಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾಳೆ ಎಂದು ಯಾರ ಬಾಯಲ್ಲೂ ಅನ್ನಿಸಿಕೊಳ್ಳುವುದು ನನಗೆ ಆಗದು.

ಆ ವರ್ಷ ಶಾಲೆ ಶುರುವಾಗುವ ಮುಂಚೆ ಮೂವರಿಗೂ ಕೋವಿಡ್ ಬಂತು. ನಾವು ಗಂಡ ಹೆಂಡತಿ ಇಬ್ಬರೂ ಒಂದು ವಾರ ಹಾಸಿಗೆ ಹಿಡಿದೆವು. ಅವಳಿಗೆ ಒಂದೂವರೆ ದಿನ ಮೈ ಬೆಚ್ಚಗಿತ್ತು, ಅಷ್ಟೇ. ನಮಗೆ ನೀರು ಕಾಯಿಸಿ ತಂದುಕೊಟ್ಟವಳೇ ಅವಳು. ತಿಂಗಳು ಕಳೆದ ಮೇಲೆ ಶುರುವಾಯಿತು. ಎದ್ದು ನಿಂತರೆ ತಲೆ ಸುತ್ತುತ್ತದೆ, ಎದೆ ಡವಡವ ಎನ್ನುತ್ತದೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಬಾಗಿಲು ಎನ್ನುವ ಮಾತು ಸಿಗದೆ "ಅದು, ತೆಗೆಯೋದು" ಎಂದು ಕೈ ತೋರಿಸುತ್ತಾಳೆ. ಎರಡು ಸಲ ರಕ್ತ ಪರೀಕ್ಷೆ ಮಾಡಿಸಿದೆವು, ಎದೆಯ ಎಕ್ಸ್‌ರೇ ತೆಗೆಸಿದೆವು. ಎಲ್ಲ ನಾರ್ಮಲ್.

"ಕೋವಿಡ್ಡು ಮಕ್ಕಳಿಗೆ ಏನೂ ಮಾಡಲ್ಲಮ್ಮ" ಎಂದರು ನಮ್ಮ ಬೀದಿಯ ಡಾಕ್ಟರು. "ಓದಿನ ಭಯ ಇರ್ಬೇಕು. ನೀವು ಶಾಲೇಲೇ ಇರೋರು, ನಿಮಗೆ ನಾನು ಹೇಳ್ಬೇಕಾ?"

ನನಗೆ ಹೇಳಬೇಕಾಗಿರಲಿಲ್ಲ. ಅದು ನನ್ನದೇ ಇಲಾಖೆ.

ಒಂದು ಶನಿವಾರ, ಅವರಪ್ಪನೂ ಮನೆಯಲ್ಲಿದ್ದಾಗ, "ನಡೀರಿ, ಸ್ಕೇಟಿಂಗಿಗೆ ಹೋಗೋಣ" ಎಂದೆ. ಎರಡು ತಿಂಗಳಿಂದ ಅವಳು ಬಾಯಿ ಬಿಟ್ಟು ಕೇಳಿರದ ಸ್ಕೇಟಿಂಗು. ಅವಳು ನನ್ನ ಮುಖ ನೋಡಿದಳು, ಆಮೇಲೆ ಎದ್ದು ಬೂಟು ಹುಡುಕಿದಳು. ಆಟದ ಅಂಗಳದಲ್ಲಿ ನಲವತ್ತು ನಿಮಿಷ ಸುತ್ತಿದಳು. ಅವರಪ್ಪ ಎರಡು ಸಲ ಬಿದ್ದರು, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಮಗಳು ನಗುವುದನ್ನು ನೋಡಿ ಯಾವ ತಾಯಿಗೆ ಸಂತೋಷವಾಗುವುದಿಲ್ಲ? ನನಗೂ ಆಯಿತು. ಆದರೆ ಅದರ ಜೊತೆಗೇ, ಸಿಕ್ಕಿಬಿದ್ದಳು ಎಂದೂ ಅನ್ನಿಸಿತು. ಆ ಎರಡನೆಯದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಭಾನುವಾರ ಸ್ವಲ್ಪ ಮಂಕಾಗಿದ್ದಳು. ಸೋಮವಾರ ಬೆಳಿಗ್ಗೆ ಏಳಲಿಲ್ಲ.

"ಅಮ್ಮ, ಆಗ್ತಿಲ್ಲ."

"ಸ್ಕೇಟಿಂಗಿಗೆ ಆಗುತ್ತೆ, ಶಾಲೆಗೆ ಆಗಲ್ವಾ? ನಾಟಕ ಸಾಕು, ಏಳು."

ನನಗೆ ಮೂಗಿನ ತುದಿಯಲ್ಲೇ ಕೋಪ. ಎಬ್ಬಿಸಿದೆ, ತಲೆ ಬಾಚಿದೆ, ಕೈ ಹಿಡಿದು ನಡೆಸಿಕೊಂಡು ಹೋದೆ. ಎರಡನೇ ಪೀರಿಯಡ್ಡು ಮುಗಿದಾಗ ಕಿಟಕಿಯಲ್ಲಿ ಬಂದು ನಿಂತಳು. ಮುಖ ಬಿಳಿಚಿತ್ತು, ಕಿಟಕಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಮೇಡಂ, ಒಂದು ಚೀಟಿ ಕೊಡ್ತೀರಾ?"

ಬೆಂಚಿನ ಮೇಲೆ ಆಗಲೇ ಇಬ್ಬರು ಮಕ್ಕಳಿದ್ದರು, ಪಕ್ಕದಲ್ಲಿ ಕನ್ನಡ ಟೀಚರು ನಿಂತಿದ್ದರು. "ಹತ್ತು ನಿಮಿಷ ಕೂತ್ಕೋ" ಎಂದೆ. ಕೂತಳು. ಹತ್ತು ನಿಮಿಷವಾದ ಮೇಲೆ ಫೋನು ಎತ್ತಿ ಆಟದ ಮಾತು ಹೇಳಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಅವಳಿಗೆ ಆ ಫೋನಿನ ಗುಟ್ಟು ಚೆನ್ನಾಗಿ ಗೊತ್ತು. ಎಷ್ಟು ಸಲ ಮನೆಯಲ್ಲಿ ಹೇಳಿಕೊಂಡು ನಕ್ಕಿದ್ದೆವು. ಆದರೂ ತಲೆ ಎತ್ತಿದಳಲ್ಲ ಎಂದು, "ಕ್ಲಾಸಿಗೆ ಹೋಗು" ಎಂದೆ. ಪುಸ್ತಕ ತೆಗೆದು ಬರೆದೆ: ಎಂಟನೇ ಕ್ಲಾಸು, ನಂಬರ್ ಇಪ್ಪತ್ಮೂರು, ತಲೆಸುತ್ತು, ನೆಪ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಮಕ್ಕಳು ಕೂಗಿದ್ದು ಕೇಳಿ ಓಡಿದೆ. ಮೊದಲನೇ ಮಹಡಿ ದಾಟಿದ ಮೇಲಿನ ತಿರುವಿನಲ್ಲಿ ಅವಳು ಸಿಕ್ಕಿದಳು. ಮೆಟ್ಟಿಲ ಮೇಲೆ ಕೂತು, ಗೋಡೆಗೆ ತಲೆ ಆನಿಸಿ, ಕಣ್ಣು ಬಿಟ್ಟುಕೊಂಡೇ ಇದ್ದಳು. ಕರೆದರೆ ಮಾತಾಡಲು ಆಗುತ್ತಿರಲಿಲ್ಲ. ಅಂಗೈಗಳಿಗೆ ಮಣ್ಣು ಮೆತ್ತಿತ್ತು, ಕೈಯೂರಿಕೊಂಡು ಹತ್ತಿದ್ದಳು. ಗೇಟಿನವನು ಎತ್ತಿಕೊಂಡು ಬಂದು ಆಟೋದಲ್ಲಿ ಮಲಗಿಸಿದ. ಅದು ಅವಳು ಶಾಲೆಗೆ ಹೋದ ಕೊನೆಯ ದಿನ.

ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಮ್ಮ ಒಬ್ಬರು ಸಿಕ್ಕಿದರು. ವಯಸ್ಸಾದವರು, ಮಾತು ಕಡಿಮೆ. ಅವಳನ್ನು ಮಲಗಿಸಿ ನಾಡಿ ನೋಡಿದರು, ನಿಲ್ಲಿಸಿ ನೋಡಿದರು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಸ್ಕೇಟಿಂಗಿನ ವಿಷಯವನ್ನೂ ಹೇಳಿದೆ.

"ಇದು ಲಾಂಗ್ ಕೋವಿಡ್ಡು. ಮಕ್ಕಳಿಗೂ ಬರುತ್ತೆ" ಎಂದರು. "ಆವತ್ತು ಅವಳು ಆಡಿದ್ದು ನಿಜ, ನಕ್ಕಿದ್ದೂ ನಿಜ. ಮೈ ಮುರಿಯೋದು ಅದೇ ದಿನ ಅಲ್ಲ. ಒಂದಿನ, ಎರಡು ದಿನ ಬಿಟ್ಟು ಬರುತ್ತೆ. ಸುಸ್ತಾದ ಮೇಲೆ ನಿಲ್ಲಿಸೋದಲ್ಲಮ್ಮ, ಸುಸ್ತಾಗೋಕೆ ಮುಂಚೆ ನಿಲ್ಲಿಸ್ಬೇಕು."

"ಯಾವಾಗ ನಿಲ್ಲಿಸ್ಬೇಕು ಅಂತ ನಂಗೆ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?"

"ನಿಮಗೆ ಗೊತ್ತಾಗಲ್ಲ. ಅವಳಿಗೆ ಗೊತ್ತಾಗುತ್ತೆ. ಅವಳು ಹೇಳಿದ್ದೇ ರಿಪೋರ್ಟು."

ಇದಕ್ಕೆಂದೇ ಒಂದು ಮಾತ್ರೆ ಇಲ್ಲ, ಎಷ್ಟು ದಿನವೆಂದು ಹೇಳಲಾಗುವುದಿಲ್ಲ, ನಿಧಾನವಾಗಿ ಸರಿಹೋಗುವ ಮಕ್ಕಳೂ ಇದ್ದಾರೆ ಎಂದರು. ಅದನ್ನೆಲ್ಲ ಹೇಗೋ ನುಂಗಿಕೊಂಡೆ. ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತದ್ದು ಅವಳು ಹೇಳಿದ್ದೇ ರಿಪೋರ್ಟು ಎನ್ನುವ ಆ ಒಂದೇ ಮಾತು. ಏಕೆಂದರೆ ಅವಳು ನನಗೆ ಹೇಳುವುದನ್ನೇ ಬಿಟ್ಟುಬಿಟ್ಟಿದ್ದಳು. ಹೇಗಿದ್ದೀಯ ಎಂದರೆ "ಪರವಾಗಿಲ್ಲ". ತಲೆ ಸುತ್ತುತ್ತಿದೆಯಾ ಎಂದರೆ "ಇಲ್ಲ". ಕೂತು ಉಣ್ಣುವಾಗ ತುಟಿ ಬೆಳ್ಳಗಾದರೂ "ಚೆನ್ನಾಗಿದೀನಿ". ಆ "ಚೆನ್ನಾಗಿದೀನಿ"ಯನ್ನು ನಂಬಿ ಒಂದು ದಿನ ತಲೆಗೆ ಸ್ನಾನ ಮಾಡಿಸಿದೆ, ನಾಲ್ಕು ದಿನ ಕಣ್ಣು ತೆರೆಯಲಿಲ್ಲ. ಇನ್ನೊಂದು ದಿನ ನಂಬದೆ ಪರದೆ ಎಳೆದು ಮಲಗಿಸಿದೆ, ಆವತ್ತು ಗೋಡೆಯ ಕಡೆ ತಿರುಗಿ ಅತ್ತಳು. ಒಂಬೈನೂರು ಮಕ್ಕಳ ಸುಳ್ಳು ಹಿಡಿದ ನನಗೆ ನನ್ನ ಮನೆಯ ಒಂದು ಸುಳ್ಳು ಹಿಡಿಯಲು ಬರಲಿಲ್ಲ.

ಅವರಪ್ಪ ಫೋನಿನಲ್ಲಿ, "ಸ್ವಲ್ಪ ಮೆತ್ತಗೆ ಮಾತಾಡ್ಸೇ ಅವಳ್ನ" ಎನ್ನುತ್ತಿದ್ದರು.

"ನಾನೇನು ಕಲ್ಲು ಹೊಡೀತಿದೀನಾ? ನೀವೇ ಬಂದು ಮಾತಾಡ್ಸಿ" ಎಂದು ಫೋನಿಟ್ಟು, ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ.

ಹಾಗೆ ಒಂಬತ್ತು ತಿಂಗಳು. ಬೆಳಿಗ್ಗೆ ಎಂಟೂವರೆಗೆ ಅವಳ ತಲೆಯ ಹತ್ತಿರ ನೀರು, ಬ್ರೆಡ್ಡು, ಬಾಳೆಹಣ್ಣು, ಫೋನು ಇಟ್ಟು ಹೊರಡುತ್ತಿದ್ದೆ. ಮಧ್ಯಾಹ್ನ ಓಡಿ ಬಂದು ಊಟ ಮಾಡಿಸಿ ಓಡುತ್ತಿದ್ದೆ. ಸಂಜೆ ಬಂದಾಗ ಬಾಳೆಹಣ್ಣು ಇಟ್ಟಲ್ಲೇ ಕಪ್ಪಾಗಿರುತ್ತಿತ್ತು. ಮೊದಲ ವಾರ ಗೆಳತಿಯರು ಹಿಂಡಾಗಿ ಬಂದರು. ಆಮೇಲೆ ಪಕ್ಕದ ಸೀಟಿನ ಗೆಳತಿ, ನಂಬರ್ ಇಪ್ಪತ್ನಾಲ್ಕು, ಒಬ್ಬಳೇ ಬಂದಳು, ಆಮೇಲೆ ಅವಳ ಮೆಸೇಜು, ಆಮೇಲೆ ಹುಟ್ಟುಹಬ್ಬಕ್ಕೊಂದು ಹೂವಿನ ಚಿತ್ರ. ಮಕ್ಕಳನ್ನು ಅಂದು ಏನು ಪ್ರಯೋಜನ, ದೊಡ್ಡವರೇ ಮರೆಯುತ್ತಾರೆ. ಶಾಲೆಯಲ್ಲಿ ನನ್ನನ್ನು "ಮಗಳು ಹೇಗಿದಾಳೆ?" ಎಂದು ಕೇಳುವವರು ಉತ್ತರ ಬರುವಷ್ಟರಲ್ಲಿ ಮೆಟ್ಟಿಲು ಹತ್ತಿರುತ್ತಿದ್ದರು. ಬೆಂಚು ಅಲ್ಲೇ ಇತ್ತು. ಕೇಳಿದವರಿಗೆಲ್ಲ ಚೀಟಿ ಕೊಟ್ಟು ಕಳಿಸುತ್ತಿದ್ದೆ. ಥರ್ಮಾಮೀಟರ್ ಒಡೆದುಹೋಗಿದೆ ಎಂದು ಮಕ್ಕಳು ಆಡಿಕೊಂಡರು.

ಒಂದು ದಿನ ಬೀರುವಿನ ಬೀಗದ ಕೈ ಮರೆತು ಒಂಬತ್ತರ ಮೇಲೆ ಮನೆಗೆ ಹಿಂತಿರುಗಿದೆ. ಎಚ್ಚರವಾದೀತೆಂದು ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದೆ. ಗೋಡೆ ಗಡಿಯಾರದಲ್ಲಿ ಒಂಬತ್ತೂ ಹತ್ತು. ಶಾಲೆಯಲ್ಲಿ ಹಾಜರಿ ಕೂಗುವ ಹೊತ್ತು. ಅವಳ ಕೋಣೆಯಿಂದ ಸಣ್ಣ ದನಿ ಕೇಳಿಸಿತು.

"ಪ್ರೆಸೆಂಟ್, ಮಿಸ್."

ಬಾಗಿಲ ಸಂದಿಯಲ್ಲಿ ನೋಡಿದೆ. ಮಲಗಿಕೊಂಡು ಸೂರು ನೋಡುತ್ತಿದ್ದಳು. ಒಳಗೆ ಹೋಗುವ ಧೈರ್ಯ ಬರಲಿಲ್ಲ, ಬೀಗದ ಕೈ ತೆಗೆದುಕೊಂಡು ಹೊರಟೆ.

ವರ್ಷದ ಕೊನೆಯ ವಾರ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ನಿಯಮದ ಮುಂದೆ ದೇವರನ್ನೂ ಎಬ್ಬಿಸಿ ನಿಲ್ಲಿಸುವಂಥವರು. ಕೊನೆಯ ತಿಂಗಳಲ್ಲಿ ಒಂದು ದಿನವಾದರೂ ಪೂರ್ತಿ ಹಾಜರಿ ಇರಬೇಕು, ಬೆಳಿಗ್ಗೆ ಒಂದು ಗುರುತು, ಮಧ್ಯಾಹ್ನ ಒಂದು ಗುರುತು. ಇಲ್ಲದಿದ್ದರೆ ಹೆಸರು ಮುಂದಿನ ವರ್ಷದ ಪುಸ್ತಕಕ್ಕೆ ಹೋಗುವುದಿಲ್ಲ. ಆ ನಿಯಮ ನನಗೆ ಬಾಯಿಪಾಠ. ಎಷ್ಟೋ ಮಕ್ಕಳಿಗೆ ಓದಿ ಹೇಳಿದವಳು ನಾನೇ.

"ಶುಕ್ರವಾರ ಕೊನೇ ದಿನ, ಆವತ್ತೊಂದಿನ ಕರ್ಕೊಂಡ್ಬನ್ನಿ. ಹಿಂದಿನ ಬೆಂಚಲ್ಲಿ ಮಲಕ್ಕೊಂಡ್ರೂ ಆಯ್ತು" ಎಂದರು. "ಇಲ್ದಿದ್ರೆ ಹುಷಾರಾದ್ಮೇಲೆ ಹೊಸದಾಗಿ ಸೇರ್ಸೋಣ. ಆದ್ರೆ ಈ ಹುಡುಗೀರ ಜೊತೆ ಅಲ್ಲ."

ನಾನೇ ಎರಡು ಗುರುತು ಹಾಕಿಬಿಡಬಹುದಿತ್ತು. ಯಾರು ನೋಡುತ್ತಿದ್ದರು? ಪೆನ್ನು ಎತ್ತಿಕೊಂಡೂ ಇದ್ದೆ. ಆದರೆ ಹಾಜರ್ ಎಂದು ಬರೆದರೆ ಅವಳಿಗೆ ಏನೂ ಆಗಿಲ್ಲವೆಂದು ಎರಡನೇ ಸಲ ಬರೆದ ಹಾಗಾಗುತ್ತಿತ್ತು. ಪೆನ್ನು ಇಟ್ಟೆ.

ಸಂಜೆ ಅವಳಿಗೆ ವಿಷಯ ಹೇಳಿದೆ. "ಬರ್ತೀನಿ" ಎಂದಳು. ಅರ್ಧ ನಿಮಿಷವೂ ಯೋಚಿಸಲಿಲ್ಲ.

"ಆಗುತ್ತಾ?"

"ಈಗ ಚೆನ್ನಾಗಿದೀನಿ ಅಮ್ಮ."

ಶುಕ್ರವಾರ ಆಟೋದಲ್ಲಿ ಹೋಗೋಣವೆಂದಿದ್ದೆ. ಒಂಬತ್ತಕ್ಕೆ ಸ್ವಲ್ಪ ಮುಂಚೆ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಮಂಚದ ಅಂಚಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ಕೂತಿದ್ದಳು. ಮಲಗಿದಲ್ಲೇ ಎರಡಿಂಚು ಬೆಳೆದಿದ್ದಾಳೆ, ಲಂಗ ಮೊಣಕಾಲಿನ ಮೇಲೆ ನಿಂತಿತ್ತು. ಒಂದು ಕಾಲಿಗೆ ಬೂಟು ಹಾಕಿ ಲೇಸು ಕಟ್ಟಿದ್ದಳು. ಇನ್ನೊಂದು ಬೂಟು ತೊಡೆಯ ಮೇಲಿತ್ತು. ಅದರೊಳಗೆ ಏನೋ ಹುಡುಕುವವಳ ಹಾಗೆ ಬಗ್ಗಿ ನೋಡುತ್ತಿದ್ದಳು. ಹತ್ತಿರ ಹೋದೆ. ಬೂಟಿನೊಳಗೆ ಏನೂ ಇರಲಿಲ್ಲ. ಅವಳು ಉಸಿರು ಸುಧಾರಿಸಿಕೊಳ್ಳುತ್ತಿದ್ದಳು. ಕೂತರೆ ಅವಳ ಪಾದ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದು ಕಾಣದಿರಲೆಂದು ಕಾಲುಚೀಲ ಮೊದಲೇ ಎಳೆದುಕೊಂಡಿದ್ದಳು.

"ಹೊರಡೋಣ್ವಾ?" ಎಂದಳು.

ಆಗ ನನಗೆ ಅರ್ಥವಾಯಿತು. ಇದನ್ನೆಲ್ಲ ಕಲಿಸಿದವಳು ನಾನು. ಕಾಯಿಲೆ ತೋರಿಸಿಕೊಂಡರೆ ನೆಪ ಎನ್ನುತ್ತಾರೆ ಎಂದು ನನ್ನ ಬೆಂಚಿನ ಮೇಲೆ ಕೂತು ಕಲಿತಿದ್ದಳು. ಅವಳ ಎದುರಿಗೆ ನೆಲದ ಮೇಲೆ ಕೂತೆ.

"ನೋಡೇ ಗಿರಗಿಟ್ಲೆ, ಕಾಯಿಲೆ ಇದೆ ಅಂತ ಸುಳ್ಳು ಹೇಳೋರ್ನ ನಾನು ಹಿಡೀತೀನಿ. ಚೆನ್ನಾಗಿದೀನಿ ಅಂತ ಸುಳ್ಳು ಹೇಳೋರ್ನ ಹಿಡಿಯೋಕೆ ನಂಗೆ ಬರಲ್ಲ. ನೀನೇ ಹೇಳ್ಬೇಕು. ನೀನು ಆಗುತ್ತೆ ಅಂದ್ರೆ ಆಟೋ ಕರೀತೀನಿ. ಆಗಲ್ಲ ಅಂದ್ರೆ ಇಲ್ಲ."

ಅವಳು ಬೂಟಿನ ಲೇಸನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನು ಕೈಚೀಲದಿಂದ ಶಾಲೆಯ ಚೀಟಿ ಪುಸ್ತಕ ತೆಗೆದು, ಪೆನ್ನಿನ ಜೊತೆ ಅವಳ ತೊಡೆಯ ಮೇಲಿಟ್ಟೆ.

"ಇನ್ಮೇಲೆ ಈ ಮನೇಲಿ ಚೀಟಿ ಬರೆಯೋಳು ನೀನು. ನಾನು ಕೇಳೋಳು."

ಪುಸ್ತಕವನ್ನು ನೋಡಿದಳು, ನನ್ನನ್ನು ನೋಡಿದಳು. ಮುಖದಲ್ಲಿ ನಗು ಇರಲಿಲ್ಲ.

"ಹತ್ತು ನಿಮಿಷ ಕೂತ್ಕೊಳ್ಳಿ ಮೇಡಂ" ಎಂದಳು.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹೋಗಿ ಕೂತೆ. ಅವಳು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಹತ್ತು ನಿಮಿಷ ಎಷ್ಟು ಉದ್ದವೆಂದು ಹತ್ತೊಂಬತ್ತು ವರ್ಷ ನನಗೆ ತಿಳಿದಿರಲಿಲ್ಲ. ಕಿಟಕಿಯಿಂದ ಕಾಣುವುದು ಎದುರು ಮನೆಯ ಗೋಡೆ, ಅದರ ಮೇಲೊಂದು ನೀರಿನ ಪೈಪು, ಅಷ್ಟೇ. ಒಂಬತ್ತು ತಿಂಗಳಿಂದ ಅವಳು ನೋಡುತ್ತಿದ್ದುದು ಅದನ್ನೇ. ಬೀದಿಯಲ್ಲಿ ಮಕ್ಕಳು ಮಾತಾಡಿಕೊಂಡು ಶಾಲೆಗೆ ಹೋದರು, ಸದ್ದು ದೂರವಾಯಿತು. ಮಾತಾಡಿಬಿಡೋಣ ಎಂದು ನಾಲಗೆ ತುರಿಸಿತು. ಇವಳು ನನ್ನನ್ನು ನಂಬದಿದ್ದರೆ ಏನು ಮಾಡಲಿ ಎಂದು ಭಯವಾಯಿತು. ಆ ಬೆಂಚಿನ ಮೇಲೆ ಕೂತ ಮಕ್ಕಳಿಗೆಲ್ಲ ಹೀಗೇ ಆಗಿರಬೇಕು. ಒಂಬತ್ತೂ ಹತ್ತಾಯಿತು. ಅವಳು ಕಣ್ಣು ತೆರೆದು ಗಡಿಯಾರ ನೋಡಿದಳು. ಪ್ರೆಸೆಂಟ್ ಎನ್ನಲಿಲ್ಲ.

ಪೆನ್ನು ಎತ್ತಿಕೊಂಡಳು. ನಾಲ್ಕಕ್ಷರ ಬರೆದು ನಿಲ್ಲಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಹರಿದು, ಮಡಚಿ, ಕೈ ಚಾಚಿದಳು.

"ಶಾಲೇಲಿ ಓದು."

ಬೂಟು ಬಿಚ್ಚಿದೆ. ಕಾಲುಚೀಲ ತೆಗೆದು ಪಾದಗಳನ್ನು ದಿಂಬಿನ ಮೇಲಿಟ್ಟೆ. ಯೂನಿಫಾರ್ಮ್ ಬದಲಿಸುವ ಶಕ್ತಿ ಅವಳಲ್ಲಿರಲಿಲ್ಲ, ಹಾಗೇ ಹೊದಿಸಿದೆ.

ಶಾಲೆಯಲ್ಲಿ ಎಂಟನೇ ಕ್ಲಾಸಿನ ಪುಸ್ತಕ ತೆಗೆದು ಇಪ್ಪತ್ಮೂರನೇ ಹೆಸರಿನ ಮೇಲೆ ಕೆಂಪು ಗೀಟು ಎಳೆದೆ. ಅಡ್ಡಪಟ್ಟಿ ಇಟ್ಟುಕೊಂಡು ಎಳೆದರೂ ಗೀಟು ಸೊಟ್ಟಗಾಯಿತು. ಪಕ್ಕದಲ್ಲಿ ಕಾರಣ ಬರೆಯಬೇಕು. ಚೀಟಿ ಬಿಚ್ಚಿದೆ. ಕಾರಣ ಎಂದು ಅಚ್ಚಾದ ಕಡೆ ಪೆನ್ಸಿಲು ಹಿಡಿಯಲು ಕಲಿಯುವ ಮಗುವಿನ ಹಾಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ಎರಡು ಸಾಲು ಬರೆದಿದ್ದಳು.

"ಇವತ್ತು ಆಗಲ್ಲ ಅಮ್ಮ.

ಆವತ್ತೂ ಆಗ್ತಿರಲಿಲ್ಲ."

ಆಚೆ ಯಾರೋ ಕಿಟಕಿ ತಟ್ಟಿದರು, ಚೀಟಿ ಬರೆದು ಕೊಟ್ಟೆ, ಮುಖ ನೋಡಲಿಲ್ಲ. ಮೊದಲನೇ ಸಾಲನ್ನು ಹಾಜರಿ ಪುಸ್ತಕದಲ್ಲಿ ಬರೆದೆ. ಎರಡನೆಯದಕ್ಕೆ ಅಲ್ಲಿ ಜಾಗವಿರಲಿಲ್ಲ. ಮೇಜಿನ ಕೆಳಗಿನ ಖಾನೆಯಿಂದ ನನ್ನ ಆ ಇನ್ನೊಂದು ಪುಸ್ತಕ ತೆಗೆದೆ. ಒಂಬತ್ತು ತಿಂಗಳಿಂದ ಮುಟ್ಟಿರಲಿಲ್ಲ. ಆ ಸೋಮವಾರದ ಹಾಳೆ ಕೊನೆಯದಾಗಿತ್ತು. ನೆಪ ಎನ್ನುವುದನ್ನು ಹೊಡೆದುಹಾಕಿ ನಿಜ ಎಂದು ಬರೆದೆ. ತಿದ್ದಿದಲ್ಲಿ ಸಹಿ ಹಾಕಬೇಕೆನ್ನುವುದು ನಿಯಮ, ಪೂರ್ತಿ ಹೆಸರಿನ ಸಹಿ ಹಾಕಿದೆ.

ಮಧ್ಯಾಹ್ನ ಆ ಪುಸ್ತಕವನ್ನು ಮನೆಗೆ ತಂದೆ. ಅವಳು ಯೂನಿಫಾರ್ಮಿನಲ್ಲೇ ನಿದ್ದೆ ಹೋಗಿದ್ದಳು. ಆ ಹಾಳೆ ತೆರೆದು ದಿಂಬಿನ ಪಕ್ಕ ಇಟ್ಟೆ. ಶಾಲೆಗೆ ಫೋನು ಮಾಡಿ ಇವತ್ತು ಮತ್ತೆ ಬರುವುದಿಲ್ಲವೆಂದು ಹೇಳಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅವಳು ಏಳುವುದನ್ನು ಕಾಯುತ್ತಾ ಕೂತೆ. ಗಡಿಯಾರ ನೋಡಲಿಲ್ಲ.